ಯಾರಿಗೆ ಸ್ಪಷ್ಟ?

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಅಸಂಗಿ ಎಂಬ ಹೆಸರಿನ ಊರು ಒಂದಲ್ಲ, ಎರಡು. ಸರಕಾರಿ ಪಟ್ಟಿಯಲ್ಲಿ ಒಂದು ಅಸಂಗಿ ಜತ್ತ, ಇನ್ನೊಂದು ಅಸಂಗಿ ತುರ್ಕ. ಕೃಷ್ಣೆಯ ಕಡೆಗೆ ಇಳಿದು ಕರ್ನಾಟಕದ ಬಾಗಲಕೋಟೆ ಜಿಲ್ಲೆಗೆ ಬಂದರೆ ಅಲ್ಲಿಯೂ ಒಂದು ಅಸಂಗಿ ಉಂಟು. ಕಾಸರಗೋಡಿನವನಾದ ನನಗೆ ಈ ಲೆಕ್ಕ ತಿಳಿದದ್ದು ಒಂದು ಮದುವೆಗೆಂದು ಆ ಕಡೆ ಹೋದಾಗ, ಅದೂ ಒಂದು ಇಂಗ್ಲಿಷು ಕಾಗದದ ದೆಸೆಯಿಂದ.

ವಿಜಯಪುರದಿಂದ ಜತ್ತದ ದಾರಿ ಹಿಡಿದರೆ ಗಡಿ ದಾಟಿದ್ದು ಗೊತ್ತಾಗುವುದು ಅಂಗಡಿಗಳ ಹಲಗೆಯಿಂದಲೇ ಹೊರತು ಜನರ ಮಾತಿನಿಂದಲ್ಲ. ಹಲಗೆ ಮರಾಠಿಯಾದರೂ ಮಾತು ಕನ್ನಡವೇ. ನಾನು ಉಳಿದುಕೊಂಡಿದ್ದ ಮನೆಯ ಹಿರಿಯರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ನಾನು ಇಂಗ್ಲಿಷು ಕಲಿಸಿ ನಿವೃತ್ತನಾದವನೆಂದು ತಿಳಿದ ಮೇಲೆ ಅವರು ಒಳಗಿನಿಂದ ಒಂದು ಲಕೋಟೆ ತಂದರು. ಬೆಳೆ ವಿಮೆಯ ಹಣಕ್ಕೆ ಹಾಕಿದ ಅರ್ಜಿ ತಿರಸ್ಕೃತವಾಗಿ ಬಂದಿತ್ತು. ಇಂಗ್ಲಿಷಿನಲ್ಲಿ ನಾಲ್ಕೇ ಸಾಲು. ಅದರ ತಿರುಳು ಇಷ್ಟು: ಅರ್ಜಿದಾರರ ಜಮೀನು ಅವರು ಹೇಳಿದ ಊರಿನಲ್ಲಿ ಇಲ್ಲವೆಂಬುದು ಕಾಗದಪತ್ರಗಳಿಂದ 'ಕ್ಲಿಯರ್ಲಿ' ಕಂಡುಬರುತ್ತದೆ.

"ಈ ಕ್ಲಿಯರ್ಲಿ ಅಂದ್ರ ಏನ್ರಿ ಮಾಸ್ತರ?" ಎಂದು ಕಾಕಾ ಕೇಳಿದರು.

"ಸ್ಪಷ್ಟವಾಗಿ ಅಂತ, ಕಾಕಾ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ಕೇಳಿದರು: "ಯಾರಿಗಿ ಸ್ಪಷ್ಟ ಐತ್ರಿ?"

ಮೂವತ್ತು ವರ್ಷ ಆ ಶಬ್ದವನ್ನು ಹುಡುಗರಿಗೆ ಕಲಿಸಿದವನು ನಾನು. ಅದು ಕ್ರಿಯಾವಿಶೇಷಣ, 'ಕ್ಲಿಯರ್' ಎಂಬ ಗುಣವಾಚಕಕ್ಕೆ ಪ್ರತ್ಯಯ ಹಚ್ಚಿ ಆದದ್ದು ಎಂದು ಹಲಗೆಯ ಮೇಲೆ ಬರೆದಿದ್ದೇನೆ. ಆದರೆ 'ಯಾರಿಗೆ?' ಎಂಬ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಈ ಬರಹ ಆ ಪ್ರಶ್ನೆಯ ಬೆನ್ನು ಹಿಡಿದು ಹೊರಟದ್ದು.

ಇಂಗ್ಲಿಷಿನ ಈ ಶಬ್ದಕ್ಕೆ ಎರಡು ಕೆಲಸ. 'ಹಿ ಆನ್ಸರ್ಡ್ ಕ್ಲಿಯರ್ಲಿ' ಎಂದರೆ ಅವನ ಉತ್ತರ ಸ್ಫುಟವಾಗಿತ್ತು, ಕೇಳಿದವರಿಗೆ ಅರ್ಥವಾಯಿತು. ಅದೇ ಶಬ್ದವನ್ನು ಮುಂದಕ್ಕೆ ತಂದು 'ಕ್ಲಿಯರ್ಲಿ, ಹಿ ಆನ್ಸರ್ಡ್' ಎಂದರೆ ಅವನು ಉತ್ತರ ಕೊಟ್ಟನೆಂಬುದರಲ್ಲಿ ಸಂಶಯವಿಲ್ಲ ಎಂದಾಗುತ್ತದೆ. ಆ ಉತ್ತರ ಗೊಂದಲದ ಮುದ್ದೆಯಾಗಿದ್ದರೂ ಸರಿ. ಮೊದಲನೆಯದು ಮಾತಾಡಿದ ರೀತಿಗೆ ಸಂಬಂಧಿಸಿದ್ದು, ಎರಡನೆಯದು ಮಾತಾಡುವವನು ತನ್ನ ತೀರ್ಮಾನಕ್ಕೆ ತಾನೇ ಒತ್ತುವ ಮೊಹರು. ರೀತಿಯಾಗಿ ಬಂದಾಗ ಆ ಶಬ್ದ ಹೇಳುವವನ ಮೇಲೆ ಭಾರ ಹೊರಿಸುತ್ತದೆ: ಸ್ಪಷ್ಟವಾಗಿ ಹೇಳಬೇಕಾದವನು ಅವನು. ಮೊಹರಾಗಿ ಬಂದಾಗ ಭಾರ ಕೇಳುವವನ ಮೇಲೆ ಜಾರುತ್ತದೆ: ಇಷ್ಟು ಸ್ಪಷ್ಟವಿದ್ದರೂ ನಿನಗೆ ಕಾಣದಿದ್ದರೆ ದೋಷ ನಿನ್ನ ಕಣ್ಣಿನದು. ಕಾಕಾನ ಕಾಗದದಲ್ಲಿ ಇದ್ದದ್ದು ಈ ಎರಡನೆಯದು.

ಈ ಮೊಹರಿಗೆ ಇನ್ನೊಂದು ವಿಚಿತ್ರ ಗುಣ ಉಂಟು. ಬೆಳಿಗ್ಗೆ ಎದ್ದು ಬಾಗಿಲು ತೆರೆದಾಗ ಅಂಗಳ ಒದ್ದೆಯಾಗಿದೆ ಎನ್ನಿ. ನಾವು "ರಾತ್ರಿ ಮಳೆ ಬಂದಿರಬೇಕು" ಎನ್ನುತ್ತೇವೆ. ರಾತ್ರಿ ತೋಟದಿಂದ ನೆನೆದುಕೊಂಡು ಬಂದವನಾದರೋ "ಮಳೆ ಬಂತು" ಎನ್ನುತ್ತಾನೆ, ಅಷ್ಟೇ. ಮೈಯೆಲ್ಲ ತೊಯ್ದವನು "ಸ್ಪಷ್ಟವಾಗಿ ಮಳೆ ಬಂದಿದೆ" ಎಂದು ಎಂದಾದರೂ ಹೇಳುವುದುಂಟೇ? ಆ ಮಾತು ಹೇಳುವವನು ಮಳೆಯನ್ನು ಕಾಣದವನು, ಅಂಗಳವನ್ನು ಮಾತ್ರ ಕಂಡವನು. ಹಾಗಾಗಿ ಗಟ್ಟಿ ಮಾಡಲೆಂದು ಸೇರಿಸಿದ ಈ ಶಬ್ದವೇ, ಹೇಳುವವನು ನೇರವಾಗಿ ಕಂಡಿಲ್ಲ, ಊಹಿಸಿದ್ದಾನೆ ಎಂಬ ಗುಟ್ಟನ್ನು ಬಿಟ್ಟುಕೊಡುತ್ತದೆ. ಗೋಡೆ ಗಟ್ಟಿಯಿದ್ದಲ್ಲಿ ಯಾರೂ ಊರೆ ಕೊಡುವುದಿಲ್ಲ.

ನಮ್ಮ ಭಾಷೆಗಳು ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕವಾಗಿವೆ ಎಂದು ನನಗೆ ತೋರುತ್ತದೆ. ಕನ್ನಡದ 'ಬಂದಿರಬೇಕು' ಊಹೆಯನ್ನು ಊಹೆಯೆಂದೇ ಒಪ್ಪಿಕೊಳ್ಳುತ್ತದೆ. ಅಸಂಗಿಯ ಕಡೆಯವರು "ಮಳಿ ಆದಂಗ ಕಾಣತೈತಿ" ಎನ್ನುತ್ತಾರೆ. ಮರಾಠಿಯಲ್ಲಿ 'ಪಾವುಸ್ ಪಡಲಾ ಅಸಾವಾ'. ನಮ್ಮ ನೆರೆಯ ಮಲಯಾಳದಲ್ಲಿ 'ಮಳ ಪೆಯ್ದು ಕಾಣುಂ'. ಗಮನಿಸಿ, ಮಲಯಾಳ ಊಹೆಗೆ ಬಳಸುವುದು 'ಕಾಣು' ಎಂಬ ಧಾತುವನ್ನೇ. ಕಾಣದೆ ಇದ್ದುದನ್ನು ಹೇಳುವಾಗ 'ಕಾಣುಂ' ಎನ್ನುವುದು ಮೊದಲು ಕೇಳಿದಾಗ ತಮಾಷೆಯೆನಿಸಿತ್ತು. ಯೋಚಿಸಿದರೆ ನಮ್ಮ 'ಹಾಗೆ ಕಾಣುತ್ತದೆ' ಕೂಡ ಅದೇ. ಕಣ್ಣಿನ ಕೆಲಸಕ್ಕೂ ಊಹೆಯ ಕೆಲಸಕ್ಕೂ ನಡುವಿನ ಗೋಡೆ ತೆಳ್ಳಗೆ ಎಂಬುದನ್ನು ಎರಡೂ ಭಾಷೆಗಳ ಹಿರಿಯರು ಅರಿತಿದ್ದರು.

ಇನ್ನೂ ಒಂದು. ಕನ್ನಡದಲ್ಲಿ 'ನನಗೆ ತಿಳಿಯಿತು', ಮಲಯಾಳದಲ್ಲಿ 'ಎನಿಕ್ಕ್ ಮನಸ್ಸಿಲಾಯಿ', ಮರಾಠಿಯಲ್ಲಿ 'ಮಲಾ ಸಮಜಲೆ'. ಮೂರರಲ್ಲೂ ತಿಳಿಯುವುದು ಯಾರಿಗೋ ಒಬ್ಬರಿಗೆ, ಚತುರ್ಥಿ ವಿಭಕ್ತಿಯಲ್ಲಿ. ಇಂಗ್ಲಿಷಿನ ಈ ಕ್ರಿಯಾವಿಶೇಷಣ ಆ ವ್ಯಕ್ತಿಯನ್ನು ವಾಕ್ಯದಿಂದ ಹೊರಗೆ ಹಾಕುತ್ತದೆ. ಯಾರಿಗೆ ಎಂಬುದು ಇಲ್ಲದ ಸ್ಪಷ್ಟತೆ ಆಕಾಶದಿಂದ ಇಳಿದಂತೆ ಕಾಗದದ ಮೇಲೆ ಬಂದು ಕೂರುತ್ತದೆ. ಕಾಕಾ ಇಂಗ್ಲಿಷು ಓದಿದವರಲ್ಲ. ಆದರೆ ಅವರ ಕನ್ನಡದ ಕಿವಿಗೆ ಆ ವಾಕ್ಯದಲ್ಲಿ ಏನು ಕಾಣೆಯಾಗಿದೆ ಎಂಬುದು ಕೇಳಿದ ಕೂಡಲೇ ಗೊತ್ತಾಯಿತು.

ಇಂಗ್ಲಿಷನ್ನು ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಈ ರೋಗ ಎಲ್ಲ ಭಾಷೆಯ ಪಂಡಿತರಿಗೂ ತಗಲುವಂಥದು. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಗ್ರಹಗಳ ಚಲನೆಯ ಮೇಲೆ ಬರೆದ ಮಹಾಗ್ರಂಥವನ್ನು ಅಮೆರಿಕದ ನಥೇನಿಯಲ್ ಬೌಡಿಚ್ ಇಂಗ್ಲಿಷಿಗೆ ತಂದ. 1829ರಿಂದ 1839ರ ತನಕ ನಾಲ್ಕು ಸಂಪುಟಗಳಾಗಿ ಅದು ಹೊರಬಂತು. ಲಾಪ್ಲಾಸ್ 'ಇದು ಸುಲಭವಾಗಿ ಕಾಣುತ್ತದೆ' ಎಂದು ಬರೆದಲ್ಲೆಲ್ಲ ತನಗೆ ಗಂಟೆಗಟ್ಟಲೆ ದುಡಿಮೆ ಕಾದಿದೆಯೆಂದು ಖಾತ್ರಿಯಾಗುತ್ತಿತ್ತು ಎಂದು ಬೌಡಿಚ್ ಹೇಳುತ್ತಿದ್ದನಂತೆ. ಲಾಪ್ಲಾಸ್ ಸುಳ್ಳು ಹೇಳಿರಲಿಲ್ಲ. ಅವನಿಗೆ ಅದು ಸ್ಪಷ್ಟವೇ ಆಗಿತ್ತು. ಬೌಡಿಚ್ ಮಾತ್ರ ನಡುವಿನ ಮೆಟ್ಟಿಲುಗಳನ್ನು ತಾನೇ ಕಟ್ಟಬೇಕಾಯಿತು.

ನಮ್ಮ ದೇಶದ ನ್ಯಾಯಶಾಸ್ತ್ರಕ್ಕೂ ಈ ಎಚ್ಚರ ಉಂಟು. 'ದಾಖಲೆಯ ಮುಖದಲ್ಲೇ ಎದ್ದು ಕಾಣುವ ತಪ್ಪು' ಎಂಬ ಒಂದು ಮಾತು ನಮ್ಮ ಕೋರ್ಟುಗಳಲ್ಲಿ ಬಳಕೆಯಲ್ಲಿದೆ. ಅಂಥ ತಪ್ಪಿದ್ದರೆ ಮೇಲಿನ ನ್ಯಾಯಾಲಯ ಕೈಹಾಕಬಹುದು. ಆದರೆ ಎದ್ದು ಕಾಣುವುದು ಎಂದರೇನು? ಹಳೆಯ ಮುಂಬಯಿ ಪ್ರಾಂತ್ಯದ ಗೇಣಿ ಕಾಯಿದೆಯ ಒಂದು ಪ್ರಕರಣದಲ್ಲಿ, 1960ರ ಕಾನೂನು ವರದಿಗಳಲ್ಲಿ ಅಚ್ಚಾಗಿರುವ ತೀರ್ಪಿನಲ್ಲಿ, ಸುಪ್ರೀಂ ಕೋರ್ಟು ಇದಕ್ಕೊಂದು ಅಳತೆಗೋಲು ಕೊಟ್ಟಿದೆ. ಎರಡು ಅಭಿಪ್ರಾಯಗಳಿಗೆ ಎಡೆಯಿರುವ ವಿಷಯದಲ್ಲಿ, ಉದ್ದದ ವಾದ ಹೂಡಿ ತೋರಿಸಬೇಕಾದ ತಪ್ಪನ್ನು ಎದ್ದು ಕಾಣುವ ತಪ್ಪು ಎನ್ನಲಾಗದು ಎಂಬುದು ಅದರ ಸಾರ. ಎದ್ದು ಕಾಣುತ್ತದೆ ಎಂದು ಒಂದು ಗಂಟೆ ವಾದಿಸಬೇಕಾಗಿ ಬಂದರೆ ಅದು ಎದ್ದು ಕಾಣುತ್ತಿಲ್ಲ ಎಂದೇ ಅರ್ಥ.

ಈಗ ನಮ್ಮ ಮನೆಯ ಶಬ್ದಗಳಿಗೆ ಬರೋಣ. ಕನ್ನಡದಲ್ಲಿ 'ತಿಳಿ' ಎಂದರೆ ಕೆಸರಿಲ್ಲದ್ದು. ತಿಳಿನೀರು, ತಿಳಿಸಾರು ಎನ್ನುತ್ತೇವೆ. ಅದೇ 'ತಿಳಿ' ಅರಿವಿಗೂ ಹೆಸರು. ತಿಳಿವು, ತಿಳಿವಳಿಕೆ. ಮಲಯಾಳದಲ್ಲಿ ಅದರ ದಾಯಾದಿ 'ತೆಳಿ'. ತೆಳಿಞ್ಞ ವೆಳ್ಳಂ ಎಂದರೆ ತಿಳಿನೀರು. ಆದರೆ 'ತೆಳಿವ್' ಎಂದರೆ ಪುರಾವೆ, ಸಾಕ್ಷ್ಯ, 'ತೆಳಿಯಿಕ್ಕುಕ' ಎಂದರೆ ರುಜುವಾತು ಮಾಡುವುದು. ಒಂದೇ ಬೇರಿನಿಂದ ಹುಟ್ಟಿದ ಶಬ್ದ ಚಂದ್ರಗಿರಿಯ ಈಚೆ ಅರಿವಾಯಿತು, ಆಚೆ ಪುರಾವೆಯಾಯಿತು. ಎರಡನ್ನೂ ಆಡುವ ನಮಗೆ ಇದೊಂದು ಭಾಗ್ಯ. ಕನ್ನಡದ ತಿಳಿವು 'ನನ್ನೊಳಗೆ ಕೆಸರು ಇಳಿಯಿತೇ?' ಎಂದು ಕೇಳುತ್ತದೆ. ಮಲಯಾಳದ ತೆಳಿವ್ 'ಇನ್ನೊಬ್ಬನ ಮುಂದೆ ಇಡಲು ನಿನ್ನಲ್ಲಿ ಏನುಂಟು?' ಎಂದು ಕೇಳುತ್ತದೆ. ಸ್ಪಷ್ಟ ಎಂಬ ಮಾತನ್ನು ಆಡಬೇಕಾದವನು ಈ ಎರಡೂ ಪ್ರಶ್ನೆಗಳಿಗೆ ಉತ್ತರ ಕೊಡಬೇಕು.

ಕೆಸರುನೀರನ್ನು ತಿಳಿಯಾಗಿಸಲು ಹಿಂದಿನವರು ಬಳಸುತ್ತಿದ್ದುದು ಚಿಲ್ಲದ ಬೀಜ. ಮಲಯಾಳದ ತೇಟ್ರಾಂಪರಲ್, ಸಂಸ್ಕೃತದ ಕತಕ ಅದುವೇ. ಬೀಜವನ್ನು ತೇದು ನೀರಿಗೆ ಬೆರೆಸಿದರೆ ತೇಲುವ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ಭಾರವಾಗಿ ತಳಕ್ಕೆ ಇಳಿಯುತ್ತವೆ. ಪಟಿಕದ ಕೆಲಸವೂ ಇದೇ ಬಗೆಯದು. ಮನುಸ್ಮೃತಿಯ ಆರನೆಯ ಅಧ್ಯಾಯದಲ್ಲಿ ಈ ಬೀಜದ ಮೇಲೊಂದು ಮಾತಿದೆ. ಆ ಗ್ರಂಥದ ಎಲ್ಲ ಮಾತಿಗೂ ನಾನು ಕೈಮುಗಿಯುವವನಲ್ಲ, ಆದರೆ ಇದು ಒಪ್ಪತಕ್ಕದ್ದು: ಕತಕದ ಫಲ ನೀರನ್ನು ತಿಳಿಗೊಳಿಸುವುದು ನಿಜ, ಆದರೆ ಅದರ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದು ಎಂಬುದು ಅದರ ಭಾವ. 'ಕ್ಲಿಯರ್ಲಿ' ಎಂದು ಬರೆದು ಸಹಿ ಹಾಕುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಬೀಜ ತೇಯುವುದು ಕೈನೋಯುವ ಕೆಲಸ, ಹೆಸರು ಹೇಳುವುದು ಸುಲಭ.

ಜತ್ತದ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರಾಗಿ 600 ಮಿಲಿಮೀಟರಿಗೂ ಕಡಿಮೆ. ನಮ್ಮಲ್ಲಿ 3,500ರ ಆಸುಪಾಸು. ಕಾಕಾನ ಮನೆಯಲ್ಲಿ ಟ್ಯಾಂಕರಿನ ನೀರನ್ನು ಹಂಡೆಯಲ್ಲಿ ರಾತ್ರಿಯಿಡೀ ಅಲುಗಾಡದಂತೆ ಇಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನು ಮಾತ್ರ ಚರಿಗೆಯಲ್ಲಿ ಮೊಗೆಯುತ್ತಿದ್ದರು. ನಾನು ಅವಸರದಿಂದ ಹಂಡೆಗೆ ಕೈಹಾಕಿದಾಗ ಮನೆಯ ಸೊಸೆ, "ತಡೀರಿ ಮಾವಾರ, ಕದಡತೈತಿ" ಎಂದಳು. ತಿಳಿಗೆ ಸಮಯ ಬೇಕು, ಅವಸರದ ಕೈ ಸಲ್ಲದು ಎಂಬುದನ್ನು ಅವಳು ಮೂರು ಶಬ್ದದಲ್ಲಿ ಹೇಳಿದಳು.

ಇಲ್ಲಿಗೆ ನಿಲ್ಲಿಸಿದರೆ ಬರಹ ಸುಲಭವಾಗಿ ಮುಗಿದೀತು. ಆದರೆ ತಿಳಿನೀರೆಲ್ಲ ಒಳ್ಳೆಯ ನೀರಲ್ಲ. ಫ್ಲೋರೈಡು ಮಿತಿಮೀರಿ ಕರಗಿದ ನೀರು ಗಾಜಿನಂತೆ ತಿಳಿಯಾಗಿರುತ್ತದೆ, ಕುಡಿದವರ ಹಲ್ಲು ಮೂಳೆಗಳನ್ನು ಮಾತ್ರ ಕೆಡಿಸುತ್ತದೆ. ಕಾಸರಗೋಡಿನವರಿಗೆ ಈ ಪಾಠವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಎಣ್ಮಕಜೆಯ ಪಡ್ರೆಯಲ್ಲಿ ಸುರಂಗಗಳಿಂದ ಹನಿಯುವ ನೀರು, ತೋಡುಗಳಲ್ಲಿ ಹರಿಯುವ ನೀರು ನೋಡಲು ತಿಳಿಯಾಗಿಯೇ ಇತ್ತು. ಮೇಲಿನ ಗುಡ್ಡಗಳ ಗೇರುತೋಟಗಳಿಗೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಗಿತ್ತು. ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಮೊದಲಾದವರು ಮಕ್ಕಳ ಕಾಯಿಲೆಗಳ ಕಡೆ ಬೆರಳು ತೋರಿಸಿ ಬರೆದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಪ್ರಯೋಗಾಲಯ ಅಲ್ಲಿನ ಮಾದರಿಗಳಲ್ಲಿ ವಿಷದ ಶೇಷ ಕಂಡಿತು. ಇನ್ನೊಂದು ಸಂಸ್ಥೆಯ ವರದಿ ಬೇರೆಯೇ ಹೇಳಿತು. ಒಂದು ಕಡೆಯವರಿಗೆ ಸಂಬಂಧ ಇರುವುದು ಸ್ಪಷ್ಟ, ಇನ್ನೊಂದು ಕಡೆಯವರಿಗೆ ಇಲ್ಲದ್ದು ಸ್ಪಷ್ಟ.

ತತ್ತ್ವಜ್ಞಾನಿ ದೆಕಾರ್ತ್ 1644ರ ತನ್ನ ಗ್ರಂಥದಲ್ಲಿ ಇಂಥಲ್ಲಿ ಕೆಲಸಕ್ಕೆ ಬರುವ ಒಂದು ಭೇದವನ್ನು ಮಾಡಿದ್ದಾನೆ. ಅವನ ಪ್ರಕಾರ ಸ್ಪಷ್ಟವಾದದ್ದು ಬೇರೆ, ವಿವಿಕ್ತವಾದದ್ದು ಬೇರೆ. ಉದಾಹರಣೆಗೆ ಅವನು ಆರಿಸಿಕೊಂಡದ್ದು ನೋವನ್ನು. ತೀವ್ರ ನೋವು ಪಡುವವನಿಗೆ ಆ ನೋವು ಅತ್ಯಂತ ಸ್ಪಷ್ಟ. ಆದರೆ ನೋವು ಏತರದು, ಅದರ ಮೂಲ ಎಲ್ಲಿ ಎಂಬ ತನ್ನ ಊಹೆಯನ್ನೂ ಅವನು ಅದರ ಜತೆ ಬೆರೆಸಿಬಿಡುತ್ತಾನೆ, ಆ ಊಹೆ ಅಷ್ಟು ಸ್ಪಷ್ಟವಲ್ಲ. ನೋವು ಸ್ಪಷ್ಟ, ಕಾರಣವನ್ನು ಹುಡುಕಬೇಕು.

ಈ ಭೇದ ಎರಡು ಕಡೆಗೆ ಹರಿತವಾದ ಕತ್ತಿ. ಕಾರಣ ಸ್ಪಷ್ಟವಿಲ್ಲವೆಂದು ಹೇಳಿ ನೋವನ್ನೇ ಇಲ್ಲವೆನ್ನುವವರು ಉಂಟು. ಪಡ್ರೆಯ ತಾಯಂದಿರಿಗೆ ತಮ್ಮ ಮಕ್ಕಳ ಸ್ಥಿತಿ ಅಂಗೈ ಹುಣ್ಣಿನಂತೆ ಇತ್ತು, ಅದಕ್ಕೆ ಕನ್ನಡಿ ಬೇಕಿರಲಿಲ್ಲ. ಸುಪ್ರೀಂ ಕೋರ್ಟು ಆ ವಿಷವನ್ನು ತಡೆದದ್ದು 2011ರ ಮೇ ತಿಂಗಳಲ್ಲಿ, ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿದ್ದು 2017ರ ಜನವರಿಯಲ್ಲಿ. ಅಷ್ಟು ವರ್ಷ ಅವರಿಂದ ಕೇಳಿದ್ದು ತೆಳಿವ್, ತೆಳಿವ್, ಇನ್ನೂ ತೆಳಿವ್. ಆದುದರಿಂದ 'ಸ್ಪಷ್ಟ ಎಂದು ಎಂದೂ ಹೇಳಬೇಡಿ, ಎಲ್ಲವನ್ನೂ ಸಂಶಯಿಸಿ' ಎಂಬ ಉಪದೇಶ ನನ್ನದಲ್ಲ. ಸಂಶಯವೂ ಬಲ್ಲಿದರ ಕೈಯಲ್ಲಿ ಆಯುಧವಾಗುತ್ತದೆ. ಅವಸರದ 'ಸ್ಪಷ್ಟ' ಬಡವನ ಬಾಯಿ ಮುಚ್ಚಿಸುವಂತೆ, ಮುಗಿಯದ 'ಸ್ಪಷ್ಟವಿಲ್ಲ' ಅವನನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಎರಡರಲ್ಲೂ ನೋಡಬೇಕಾದದ್ದು ಒಂದು: ತೀರ್ಮಾನ ತಪ್ಪಿದರೆ ನಷ್ಟ ಯಾರ ತಲೆಯ ಮೇಲೆ? ಹೇಳುವವನ ತಲೆಯ ಮೇಲಲ್ಲವಾದರೆ, ಅವನು ಎರಡರಷ್ಟು ಬೀಜ ತೇಯಬೇಕು.

ಗಡಿನಾಡಿನವರಾದ ನಮ್ಮ ಬದುಕಂತೂ ಇನ್ನೊಬ್ಬರ ಸ್ಪಷ್ಟತೆಗಳ ನಡುವೆಯೇ ಕಳೆದಿದೆ. 1955ರಲ್ಲಿ ಫಜಲ್ ಅಲಿ ಆಯೋಗ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಬೇಕು ಎಂದಿತು, 1956ರ ನವೆಂಬರ 1ರಂದು ಹಾಗೆಯೇ ಆಯಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಎಂದಿತು. ಅದೇ ವರದಿ ಬೆಳಗಾವಿಯನ್ನು ಮೈಸೂರಿನಲ್ಲೇ ಉಳಿಸಿ, 264 ಹಳ್ಳಿಗಳನ್ನು ಮಹಾರಾಷ್ಟ್ರಕ್ಕೂ, ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳ ಕಡೆಯವು ಸೇರಿ 247 ಹಳ್ಳಿಗಳನ್ನು ಮೈಸೂರಿಗೂ ಹೇಳಿತ್ತು. ಅದು ಜಾರಿಗೆ ಬರಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಅದೇ ನೆಲ, ಅದೇ ಜನ. ಹನ್ನೆರಡು ವರ್ಷಗಳ ಅಂತರದಲ್ಲಿ ಇಬ್ಬರು ಓದುಗರಿಗೆ ಎರಡು ಬೇರೆ ಉತ್ತರಗಳು ಕಂಡವು.

2022ರ ನವೆಂಬರಿನಲ್ಲಿ ಜತ್ತದ ಹೆಸರು ಮತ್ತೆ ಪತ್ರಿಕೆಗಳಲ್ಲಿ ಬಂತು. ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಅಲ್ಲಿನ ಪಂಚಾಯತಿಗಳು ಕರ್ನಾಟಕಕ್ಕೆ ಸೇರುವೆವೆಂದು ಮಾಡಿದ ನಿರ್ಣಯವನ್ನು ನೆನಪಿಸಿದರು. ಮಹಾರಾಷ್ಟ್ರದ ಅಂದಿನ ಉಪಮುಖ್ಯಮಂತ್ರಿ ದೇವೇಂದ್ರ ಫಡ್ನವೀಸರು, ಅದು 2012ರದು, ಈಚಿನದಲ್ಲ ಎಂದರು. ನಿರ್ಣಯದ ಬೆನ್ನಿಗೆ ಇದ್ದದ್ದು ನೀರಿನ ಬವಣೆ. ಒಂದು ಕಡೆಯವರು ಅದರಲ್ಲಿ ಸ್ಪಷ್ಟವಾಗಿ ಭಾಷಾಭಿಮಾನವನ್ನು ಕಂಡರು, ಇನ್ನೊಂದು ಕಡೆಯವರು ಸ್ಪಷ್ಟವಾಗಿ ರಾಜಕೀಯವನ್ನು ಕಂಡರು. ಕಾಕಾನನ್ನು ಕೇಳಿದೆ. "ನೀರ್ ಕೊಟ್ರ ಎರಡೂ ಕಡೀಗಿ ನಮಸ್ಕಾರ ಹೇಳ್ತೀವ್ರಿ. ಮನ್ಯಾಗ ಕನ್ನಡ ಯಾರ್ ಬಿಡಸ್ತಾರ?" ಎಂದರು. ಇದು ಒಬ್ಬರ ಮಾತು, ತಾಲೂಕಿನ ಮಾತಲ್ಲ. ಆದರೆ ಎರಡೂ ರಾಜಧಾನಿಗಳ ಸ್ಪಷ್ಟತೆಯಲ್ಲಿ ಈ ಒಬ್ಬರಿಗೆ ಎಡೆಯಿರಲಿಲ್ಲ ಎಂಬುದನ್ನು ನಾನು ಕಂಡೆ.

ಅದೇ ತಾಲೂಕಿನ ಉಮದಿ ಭಾವುಸಾಹೇಬ ಮಹಾರಾಜರ ಊರು. ಅವರ ಶಿಷ್ಯರಾದ ಗುರುದೇವ ರಾನಡೆಯವರು 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿ, ಅಲಹಾಬಾದಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿ, 1957ರಲ್ಲಿ ನಿಂಬಾಳದಲ್ಲಿ ತೀರಿಕೊಂಡವರು. ಅನುಭಾವ ಅದನ್ನು ಪಡೆದವನಿಗೆ ಮಾತ್ರ ಸ್ಪಷ್ಟ. 'ನನಗೆ ಕಂಡಿತು, ನೀವು ನಂಬಿ' ಎಂದು ಅವರು ಹೇಳಿಬಿಡಬಹುದಿತ್ತು. ಹಾಗೆ ಮಾಡದೆ ಮರಾಠಿ, ಕನ್ನಡ, ಹಿಂದಿಯ ಸಂತರ ಮಾತುಗಳನ್ನು ಕೂಡಿಸಿ, ಹೋಲಿಸಿ, ಪುಸ್ತಕಗಳಲ್ಲಿ ಅನ್ಯರ ಮುಂದೆ ಇಟ್ಟರು. ತಿಳಿವು ಇದ್ದವನೂ ತೆಳಿವ್ ಕೊಡಬೇಕು ಎಂಬುದಕ್ಕೆ ನನಗೆ ಇದು ಒಳ್ಳೆಯ ನಿದರ್ಶನ.

ಇನ್ನು ನಮ್ಮ ಕಡೆಯ ಸ್ಪಷ್ಟತೆಗಳು. ಅಲ್ಪಸಂಖ್ಯಾತರಾದ ನಾವು ಇನ್ನೊಬ್ಬರ ಮೊಹರಿನಿಂದ ನೊಂದವರು, ಆದುದರಿಂದ ನಮ್ಮ ಕೈಯಲ್ಲಿ ಮೊಹರು ಇಲ್ಲವೆಂದು ತಿಳಿಯುತ್ತೇವೆ. ರಾಜ್ಯ ಪುನರ್ವಿಂಗಡಣಾ ಆಯೋಗದ ಮೂವರಲ್ಲಿ ಸರ್ದಾರ್ ಪಣಿಕ್ಕರ್ ಮಲಯಾಳಿ ಎಂಬುದು ಸತ್ಯ. 'ಆದುದರಿಂದಲೇ ಕಾಸರಗೋಡು ಹೋಯಿತು, ಇದು ಸ್ಪಷ್ಟ' ಎಂಬ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ, ಆಡಿದ್ದೇನೆ. ಮೊದಲನೆಯದು ಕಂಡದ್ದು, ಎರಡನೆಯದು ಒದ್ದೆ ಅಂಗಳ. ಕಚೇರಿಯ ಕಿಟಕಿಯಲ್ಲಿ ಕುಳಿತ ಹುಡುಗ ನಮ್ಮ ಕನ್ನಡ ಅರ್ಜಿ ನೋಡಿ 'ಮನಸ್ಸಿಲಾಯಿಲ್ಲ' ಎಂದರೆ, ಅವನು ಕನ್ನಡದ ದ್ವೇಷಿ ಎಂಬುದು ನಮಗೆ ತಟ್ಟನೆ ಸ್ಪಷ್ಟವಾಗುತ್ತದೆ. ಅವನು ದಕ್ಷಿಣದ ಯಾವುದೋ ಜಿಲ್ಲೆಯಿಂದ ಬಂದು ವಾರವಾಗಿರಬಹುದು. ಕನ್ನಡ ಬಲ್ಲವರನ್ನು ಅಲ್ಲಿ ಕೂರಿಸದ ವ್ಯವಸ್ಥೆಯ ತಪ್ಪು ನಿಜವಾದದ್ದು, ಅದನ್ನು ಬಿಡದೆ ಕೇಳಬೇಕು. ಆದರೆ ಆ ಹುಡುಗನ ಮನಸ್ಸನ್ನು ನಾವು ಓದಿಲ್ಲ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಶಾಲೆಗೆ ಕಳಿಸುವ ದೂರು ಕಾಸರಗೋಡಿನಲ್ಲೂ ಜತ್ತದಲ್ಲೂ ಒಂದೇ. ಅಲ್ಲಿ ಮಕ್ಕಳ ನಷ್ಟ ಸ್ಪಷ್ಟ, ಬಂದ ಅಧ್ಯಾಪಕರ ದುರುದ್ದೇಶ ಸ್ಪಷ್ಟವಲ್ಲ. ನೋವು ಬೇರೆ, ಕಾರಣ ಬೇರೆ.

ಇದನ್ನು ಉಪದೇಶವಾಗಿ ಹೇಳುವ ಹಕ್ಕು ನನಗೆ ಕಡಿಮೆ. ಹಲವು ವರ್ಷಗಳ ಹಿಂದೆ ಒಂದು ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಂದೇ ಬೆಂಚಿನ ಇಬ್ಬರು ಹುಡುಗಿಯರು ಒಂದು ಪ್ರಶ್ನೆಗೆ ಒಂದೇ ವಿಚಿತ್ರ ತಪ್ಪು ಉತ್ತರ ಬರೆದಿದ್ದರು. ಸರಿ ಉತ್ತರ ಒಂದೇ ಆಗಿದ್ದರೆ ಯಾರೂ ಕೇಳುವುದಿಲ್ಲ, ತಪ್ಪು ಒಂದೇ ಆದರೆ ನಕಲು, ಇದು ನಮ್ಮ ಅಧ್ಯಾಪಕರ ತರ್ಕ. ಹಿಂದೆ ಕುಳಿತವಳ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ 'ಸ್ಪಷ್ಟವಾಗಿ ನಕಲು' ಎಂದು ಬರೆದು ಸೊನ್ನೆ ಕೊಟ್ಟೆ. ತರಗತಿಯಲ್ಲಿ ಓದಿಯೂ ಹೇಳಿದೆ. ಅವಳು ಎದ್ದು ನಿಂತು ಏನೋ ಹೇಳಲು ಬಾಯಿ ತೆರೆದಳು. "ಇನ್ನೇನು ಹೇಳಲಿಕ್ಕುಂಟು?" ಎಂದೆ. ಕುಳಿತುಬಿಟ್ಟಳು. ವರ್ಷದ ಕೊನೆಯಲ್ಲಿ ಅವಳ ತಂದೆ ಬಂದು ವರ್ಗಾವಣೆ ಪತ್ರ ತೆಗೆದುಕೊಂಡು ಹೋದರು.

ಮರುವರ್ಷ ಅದೇ ಪಾಠ ಮಾಡುವಾಗ ನನ್ನ ಹಳೆಯ ಟಿಪ್ಪಣಿ ಪುಸ್ತಕ ತೆರೆದೆ. ಆ ವಿಚಿತ್ರ ತಪ್ಪು ಅಲ್ಲಿ ನನ್ನದೇ ಅಕ್ಷರದಲ್ಲಿತ್ತು. ಹಲಗೆಯ ಮೇಲೆ ನಾನೇ ಬರೆದುಕೊಟ್ಟದ್ದನ್ನು ಶ್ರದ್ಧೆಯಿಂದ ಕಲಿತ ಇಬ್ಬರು ಹಾಗೆಯೇ ಬರೆದಿದ್ದರು. ಉಳಿದವರು ಕಲಿತಿರಲಿಲ್ಲ, ಆದ್ದರಿಂದ ತಪ್ಪಿಸಿಕೊಂಡಿದ್ದರು. ಅವಳು ಬಾಯಿ ತೆರೆದದ್ದು ಬಹುಶಃ ಇದನ್ನು ಹೇಳುವುದಕ್ಕೆ. 'ಬಹುಶಃ' ಎಂದೇ ಬರೆಯುತ್ತೇನೆ, ಯಾಕೆಂದರೆ ನಾನು ಕೇಳಲಿಲ್ಲ. ಅವಳು ಈಗ ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಅದೇ ತರಗತಿಗೆ ಕಲಿಸಿದವನೂ ನಾನೇ.

ಆ ದಿನ ನನ್ನ ತಪ್ಪು ಊಹಿಸಿದ್ದರಲ್ಲಿ ಇರಲಿಲ್ಲ. ಊಹೆ ಇಲ್ಲದೆ ಅಧ್ಯಾಪಕನೂ ನಡೆಯಲಾರ, ಗುಮಾಸ್ತನೂ ನಡೆಯಲಾರ. 'ನಕಲು ಇರಬೇಕೆಂದು ನನಗೆ ತೋರುತ್ತದೆ, ನೀನೇನು ಹೇಳುತ್ತೀ?' ಎಂದಿದ್ದರೆ ಆ ವಾಕ್ಯದಲ್ಲಿ ನಾನೂ ಇರುತ್ತಿದ್ದೆ, ಅವಳಿಗೂ ಒಂದು ಬಾಗಿಲು ಇರುತ್ತಿತ್ತು. 'ಸ್ಪಷ್ಟವಾಗಿ' ಎಂಬುದು ನನ್ನನ್ನೂ ಅಡಗಿಸಿ ಅವಳ ಬಾಗಿಲನ್ನೂ ಮುಚ್ಚಿತು. ಆ ಶಬ್ದದ ನೈತಿಕ ದೋಷ ಇಷ್ಟೇ, ಮತ್ತು ಇದು ಸಣ್ಣ ದೋಷವಲ್ಲ. ಹಾಗಾಗಿ ಆ ಶಬ್ದದ ಎರಡು ಕೆಲಸಗಳಲ್ಲಿ ಮೊದಲನೆಯದನ್ನು ನಾವು ನಮಗೆ ಇಟ್ಟುಕೊಳ್ಳೋಣ: ಆಡುವುದನ್ನು ಸ್ಪಷ್ಟವಾಗಿ ಆಡೋಣ, ಕಂಡದ್ದೆಷ್ಟು ಊಹಿಸಿದ್ದೆಷ್ಟು ಎಂದು ಬೇರ್ಪಡಿಸಿ ಹೇಳೋಣ. ಎರಡನೆಯದನ್ನು, ಸ್ಪಷ್ಟವಾಯಿತೇ ಇಲ್ಲವೇ ಎಂಬ ತೀರ್ಪನ್ನು, ಕೇಳುವವರಿಗೆ ಬಿಡೋಣ.

ಕಾಕಾನ ಕಾಗದದ ಕತೆ ಹೇಳಿ ಮುಗಿಸುತ್ತೇನೆ. ಅವರ ಜಮೀನು ಅಸಂಗಿ ತುರ್ಕದಲ್ಲಿ. ಬ್ಯಾಂಕಿನ ಪುಸ್ತಕದಲ್ಲಿ ವಿಳಾಸ 'ಅಸಂಗಿ, ತಾ. ಜತ್ತ' ಎಂದಿತ್ತು. ಆ 'ತಾ.' ಎಂಬ ಒಂದಕ್ಷರವನ್ನು ಬಿಟ್ಟು ಓದಿದ ಯಾರಿಗೋ ಅದು ಅಸಂಗಿ ಜತ್ತವಾಗಿ ಕಂಡಿರಬೇಕು. ಓದಿದವರು ದುಷ್ಟರೆಂದು ನಾನು ಹೇಳಲಾರೆ. ಅವರು ಎರಡು ಅಸಂಗಿಗಳಿವೆಯೆಂದು ತಿಳಿಯದವರು, ಅಥವಾ ಆ ದಿನ ಇನ್ನೂರು ಅರ್ಜಿ ಓದಿದವರು. ನಾವು ಉತ್ತರ ಬರೆದೆವು. ಸಾತಬಾರಾ ಉತಾರಿಯ ನಕಲನ್ನು ಲಗತ್ತಿಸಿದೆವು. ಎರಡು ಊರುಗಳ ಹೆಸರನ್ನೂ ಬರೆದು ಯಾವುದರಲ್ಲಿ ಯಾವ ಗಟ್ ನಂಬರು ಎಂದು ತೋರಿಸಿದೆವು. 'ಇದರಿಂದ ನಮ್ಮ ಹಕ್ಕು ಸ್ಪಷ್ಟವಾಗಿ ಸಿದ್ಧವಾಗುತ್ತದೆ' ಎಂದು ಇಂಗ್ಲಿಷಿನಲ್ಲಿ ಕೊನೆಯ ಸಾಲು ನನ್ನ ಕೈಗೆ ತಾನಾಗಿಯೇ ಬಂತು. ಕಾಕಾನಿಗೆ ಓದಿ ಹೇಳಿದೆ.

"ಅದ್ನ ತಗೀರಿ ಮಾಸ್ತರ. ಅವ್ರೂ ನೋಡ್ಲಿ," ಎಂದರು.

ಅಳಿಸಿದೆ. ಎರಡು ತಿಂಗಳ ಮೇಲೆ ಅವರ ಮಗ ಫೋನು ಮಾಡಿದ. ಅರ್ಜಿಯನ್ನು ಪುನಃ ಪರಿಶೀಲನೆಗೆ ತೆಗೆದುಕೊಂಡಿದ್ದೇವೆಂದು ಕಾಗದ ಬಂದಿತ್ತಂತೆ. ಹಣ ಬಂದ ಸುದ್ದಿ ಇದನ್ನು ಬರೆಯುವ ತನಕ ನನಗೆ ತಲುಪಿಲ್ಲ.